ಇಲ್ಲ ಬಕ್ಕಪ್ಪನ ‘ಆಗ್ಲಿ’

ಮುಡಬಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಬಕ್ಕಪ್ಪನನ್ನು ಊರವರು ಕರೆಯುತ್ತಿದ್ದದ್ದು ‘ಇಲ್ಲ ಬಕ್ಕಪ್ಪ’ ಅಂತ. ಇವತ್ತೇ ಜೋಳ ಬೀಸಿ ಕೊಡ್ತೀರೇನ್ರಿ? ಇಲ್ಲ. ಚಿಲ್ಲರೆ ಅದಾವೇನ್ರಿ? ಇಲ್ಲ. ಗಣಪತಿಗೆ ಚಂದಾ ಪಟ್ಟಿ ಕೇಳುವ ಹುಡುಗರು ಗಿರಣಿಯ ಮೆಟ್ಟಿಲು ಹತ್ತುವ ಮೊದಲೇ, ಇಲ್ಲ. ಊರಿಗೆಲ್ಲ ಅದೊಂದೇ ಗಿರಣಿ ಇದ್ದ ಕಾಲದಲ್ಲಿ ಹತ್ತಿದ ಚಟ ಅದು. ಆಮೇಲೆ ಇನ್ನೆರಡು ಗಿರಣಿ ಬಂದು ಗಿರಾಕಿಗಳು ಅತ್ತ ತಿರುಗಿದರೂ ಮನುಷ್ಯ ತಿರುಗಲಿಲ್ಲ. ಗಿರಾಕಿಗಳಿಗಾದರೂ ಬೇರೆ ಗಿರಣಿ ಸಿಕ್ಕಿತು, ಹೆಂಡತಿ ಗಿರಿಜಾಬಾಯಿ ಎಲ್ಲಿಗೆ ಹೋಗಬೇಕು?

ತವರಿಗೆ ಹೋಗೋಣವೆಂದರೆ ತವರು ಇದ್ದೂ ಇರಲಿಲ್ಲ. ಅದರ ಕತೆಯೂ ಗಂಡನ ಬಾಯಿಂದಲೇ ಶುರುವಾದದ್ದು. ಮಗಳು ಅಮೃತ ತೊಟ್ಟಿಲಲ್ಲಿದ್ದ ವರ್ಷ, ಎಳ್ಳಮಾವಾಸ್ಯೆಗೆ ಗೋರ್ಟಾದ ತವರಿನವರು ತಮ್ಮ ಹೊಲಕ್ಕೆ ಕರೆದಿದ್ದರು. ಎಳ್ಳಮಾವಾಸ್ಯೆ ಈ ಸೀಮೆಯಲ್ಲಿ ಮನೆಯೊಳಗೆ ಕೂತು ಮಾಡುವ ಹಬ್ಬವಲ್ಲ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಜೋಳದ ದಂಟಿನ ಕೊಂಪೆಯಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆಯ ನಡುವೆ ಭೂತಾಯಿಯ ಪಾಲಿನ ಎಡೆಯಾದ ಚರಗ ಚೆಲ್ಲಿ, ಆಮೇಲೆ ನೆಲದ ಮೇಲೆ ಪಂಕ್ತಿ ಹಾಕುತ್ತದೆ. ಪಂಕ್ತಿಯ ಯಜಮಾನ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ ಮತ್ತೆ. ಹಸಿ ಕಾಳು, ಸೊಪ್ಪು, ಗಜ್ಜರಿ, ಬದನೆ ಎಲ್ಲವನ್ನೂ ಕಡಲೆಹಿಟ್ಟಿನ ಜೊತೆ ಕುದಿಸಿದ ಗಟ್ಟಿ ಪಲ್ಯ. ಅವತ್ತು ಬಕ್ಕಪ್ಪ ಮೊದಲ ತುತ್ತು ಬಾಯಿಗಿಟ್ಟವನೇ, ಬೀಗರು ಬಿಜ್ಜರು ಎಲ್ಲರಿಗೂ ಕೇಳುವಂತೆ, “ಉಪ್ಪಿಲ್ಲ” ಅಂದ. ಬಡಿಸುತ್ತಿದ್ದ ಸರುಬಾಯಿಯ ಮುಖ ಸಣ್ಣದಾಯಿತು. ಆಕೆ ಗಿರಿಜಾಬಾಯಿಯ ತಮ್ಮ ಓಂಪ್ರಕಾಶನ ಹೆಂಡತಿ, ಹೊಸದಾಗಿ ಮನೆ ತುಂಬಿದವಳು. ಓಂಪ್ರಕಾಶ ಸುಮ್ಮನಿರುವ ಪೈಕಿಯೇ? “ಉಪ್ಪು ಬರೋಬ್ಬರಿ ಅದ ಮಾವಾ, ನಿಮ್ಮ ನಾಲಿಗಿನೇ ಸತ್ತದ” ಅಂದುಬಿಟ್ಟ. ಬಕ್ಕಪ್ಪ ತಾಟು ಸರಿಸಿ, ಹೆಂಡತಿಯನ್ನೂ ತೊಟ್ಟಿಲ ಕೂಸನ್ನೂ ಎಬ್ಬಿಸಿಕೊಂಡು ಹೊಲ ದಾಟಿದ.

ಅಷ್ಟೇ. ಅಲ್ಲಿಂದ ತವರು ಬಂದ್. ತವರಿಗೆ ಹೋಗಿ ಬರಲೇನ್ರಿ? ಇಲ್ಲ. ತಮ್ಮನನ್ನು ಕರೆಯಲೇನ್ರಿ? ಇಲ್ಲ. ತಾಯಿ ತೀರಿಕೊಂಡಾಗ ಗಿರಿಜಾಬಾಯಿ ಮೂರನೆಯವರ ಹಾಗೆ ಹೋಗಿ, ಮಣ್ಣಾದದ್ದನ್ನು ನೋಡಿ, ಕಣ್ಣೀರು ಒಣಗುವ ಮೊದಲೇ ಬಸ್ಸು ಹತ್ತಿ ಬಂದಳು. ಅಮೃತ ಬೆಳೆದು ಪಿಯುಸಿ ಮುಗಿಸಿದಳು, ಸೋದರಮಾವನ ಮುಖ ಸರಿಯಾಗಿ ನೋಡಿರಲಿಲ್ಲ. ಗಿರಿಜಾಬಾಯಿ ಒಂದು ಸಲವೂ ಎದುರು ಮಾತಾಡಲಿಲ್ಲ. ಆಕೆಗೆ ಹುಟ್ಟಾ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ, ಮನೆಯ ಪಾಲಿಗೆ ಬಂದ ಇಲ್ಲವನ್ನೆಲ್ಲ ಗಂಡನೇ ಖರ್ಚು ಮಾಡಿದ್ದ.

ಹೋದ ಬೇಸಿಗೆಯಲ್ಲಿ ಬಕ್ಕಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸೋತವು, ಮಾತು ನಿಂತೇಹೋಯಿತು. ಹುಮನಾಬಾದದ ಆಸ್ಪತ್ರೆಯಲ್ಲಿ ಮಲಗಿದ್ದವನು ಒಂದು ಬೆಳಿಗ್ಗೆ ಬಾಯಿ ಅಲುಗಿಸತೊಡಗಿದ. ಗಿರಿಜಾಬಾಯಿ ಮಂಚಕ್ಕೆ ಬಾಗಿದಳು, ಅಮೃತ ಉಸಿರು ಹಿಡಿದಳು. ಬಕ್ಕಪ್ಪ ಮುಖವೆಲ್ಲ ಕೆಂಪು ಮಾಡಿಕೊಂಡು, ಗಂಟಲ ನರ ಉಬ್ಬಿಸಿ, ಕೊನೆಗೆ ಒಂದು ಮಾತು ಹೊರಗೆ ತಂದ.

“ಆಗ್ಲಿ.”

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜನ್ಮದಲ್ಲಿ ಆ ಮಾತನ್ನು ಅವನ ಬಾಯಿಂದ ಕೇಳಿದ ನೆನಪು ಇಬ್ಬರಿಗೂ ಇರಲಿಲ್ಲ. ಬಳಸಿದ ಮಾತೆಲ್ಲ ಸವೆದುಹೋಗಿ, ಮುಟ್ಟದೇ ಇಟ್ಟಿದ್ದ ಇದೊಂದೇ ಹೊಸದರ ಹಾಗೆ ಉಳಿದಿತ್ತೋ ಏನೋ. ನೀರು ಬೇಕೇನ್ರಿ? ಆಗ್ಲಿ. ನೋವು ಅದ ಏನ್ರಿ? ಆಗ್ಲಿ. ನೀವು ಯಾರು? ಅದಕ್ಕೂ ಆಗ್ಲಿ.

ಮೊದಮೊದಲು ಗಿರಿಜಾಬಾಯಿ ಅತ್ತಳು, ಹರಕೆ ಹೊತ್ತಳು. ಆದರೆ ಮನೆಗೆ ಬಂದ ಮೇಲೆ ಒಂದು ದಿನ, ಹೊಲಿಗೆ ಮಷಿನ್ನಿನ ಮೇಲಿನ ದೂಳು ಒರೆಸುತ್ತ, ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದಳು: “ಅಮೃತಾನ್ನ ಬಸವಕಲ್ಯಾಣದಾಗ ಬಿ.ಕಾಂ. ಓದಸೂಣೇನ್ರಿ?”

“ಆಗ್ಲಿ” ಅಂದ ಬಕ್ಕಪ್ಪ.

ಆಮೇಲೆ ತಡೆಯುವವರು ಯಾರು? ಬಚ್ಚಲಿಗೆ ಹೊಸ ಬಾಗಿಲು ಹಾಕಸೂಣೇನ್ರಿ? ಆಗ್ಲಿ. ಹಾಲು ಕೊಡದ ಎಮ್ಮಿ ಮಾರೂಣೇನ್ರಿ? ಆಗ್ಲಿ. ಗಿರಣಿ ಬಾಡಿಗಿಗೆ ಕೊಡೂಣೇನ್ರಿ? ಆಗ್ಲಿ. ಕೇಳುವುದಕ್ಕೂ ಒಂದು ಹದ ಇತ್ತು, ಗಿರಿಜಾಬಾಯಿ ಅದನ್ನು ಬೇಗ ಹಿಡಿದಳು. “ಬ್ಯಾಡೇನ್ರಿ” ಅಂತ ಮರೆತೂ ಕೇಳಬಾರದು, “ಮಾಡೂಣೇನ್ರಿ” ಅಂತಲೇ ಕೇಳಬೇಕು. ಅಕ್ಕಪಕ್ಕದವರ ಮುಂದೆ ಕೇಳಿದರೆ ಇನ್ನೂ ಚಲೋ, ಸಾಕ್ಷಿ ಇರುತ್ತದೆ. ಒಂದೊಂದು ಆಗ್ಲಿ ಅಂದಮೇಲೆ ಬಕ್ಕಪ್ಪ ಎಡಗೈಯಿಂದ ಮಂಚದ ಪಟ್ಟಿಗೆ ದಬದಬ ಬಡಿಯುತ್ತಿದ್ದ. “ನೊಣ ಭಾಳ ಆಗ್ಯಾವ ನೋಡ್ರಿ” ಅನ್ನುತ್ತ ಗಿರಿಜಾಬಾಯಿ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

ದೀಪಾವಳಿ ಪಾಡ್ಯದ ದಿನ, ಪಕ್ಕದ ಮನೆಯ ಸಖುಬಾಯಿಯನ್ನು ಬೇಕಂತಲೇ ಚಹಾಕ್ಕೆ ಕೂರಿಸಿಕೊಂಡು, ಎದೆ ಗಟ್ಟಿ ಮಾಡಿ, ಎಲ್ಲಕ್ಕಿಂತ ದೊಡ್ಡದನ್ನು ಕೇಳಿದಳು: “ಏನ್ರಿ, ಈ ಸಲ ಎಳ್ಳಮಾಸಿಗೆ ನಮ್ಮ ಓಂಪ್ರಕಾಶನ್ನ ಹೊಲಕ್ಕ ಕರೀಲೇನ್ರಿ?”

“ಆಗ್ಲಿ!” ಅಂದ ಬಕ್ಕಪ್ಪ. ಮಂಚ ಅವತ್ತು ಮುರಿಯುವುದೊಂದು ಬಾಕಿ.

ಗಿರಿಜಾಬಾಯಿ ಗೋರ್ಟಾಕ್ಕೆ ಫೋನು ಹಚ್ಚಿದಳು. “ಖರೇ ಅಂದ್ರಾ ಅಕ್ಕಾ, ಮಾವ?” ಅಂತ ಓಂಪ್ರಕಾಶ ಮತ್ತೆ ಮತ್ತೆ ಕೇಳಿದ. “ನಿನ್ನ ಆಣಿ. ಸಖುಬಾಯಿ ಇಲ್ಲೇ ಕುಂತಾಳ, ಕೇಳು” ಅಂದಳು. ಸುಳ್ಳಂತೂ ಅಲ್ಲವಲ್ಲ! ಫೋನಿನ ಆ ಕಡೆ ತಮ್ಮ ಅತ್ತ, ಈ ಕಡೆ ಅಕ್ಕನೂ ಅತ್ತಳು.

ಎಲ್ಲ ನೆಟ್ಟಗಿತ್ತು. ಆದರೆ ಬಿ.ಕಾಂ. ಓದಲು ಹೋದ ಮಗಳು ಸುಮ್ಮನೆ ಓದಬೇಕೋ ಬೇಡವೋ? ಬಸವಕಲ್ಯಾಣದ ಕಾಲೇಜಿನ ಗೋಡೆಗೆ ಅಂಟಿಸಿದ್ದ ಒಂದು ಚೀಟಿ ಅಮೃತಳ ಕಣ್ಣಿಗೆ ಬಿತ್ತು: ಲಕ್ವದಿಂದ ಮಾತು ಹೋದವರಿಗೆ ಪ್ರತಿ ಗುರುವಾರ ಗುಂಪಿನಲ್ಲಿ ಸ್ಪೀಚ್ ಥೆರಪಿ, ಉಚಿತ. “ಅವ್ವಾ, ಅಪ್ಪಗ ಮಾತು ಬರ್ತಾವ!” ಅಂತ ಕುಣಿಯುತ್ತ ಬಂದಳು. ಗಿರಿಜಾಬಾಯಿ “ಭಾಳ ಚಲೋ ಆತವ್ವಾ” ಅಂದಳು. ಅನ್ನಲೇಬೇಕಲ್ಲ. ಗಂಡನಿಗೆ ಮಾತು ಬರುವುದು ಬೇಡ ಅನ್ನುವ ಹೆಂಡತಿ ಎಲ್ಲಾದರೂ ಇರುತ್ತಾಳೆಯೇ? ಇದ್ದರೂ ಬಾಯಿಬಿಟ್ಟು ಅನ್ನುತ್ತಾಳೆಯೇ? ಒಳಗೊಳಗೇ ಮಾತ್ರ, ಎಳ್ಳಮಾಸಿ ದಾಟುವ ತನಕ ತಡಿಯಪ್ಪಾ ಶಿವನೇ, ಆಮೇಲೆ ಭಾಷಣ ಬೇಕಾದರೂ ಮಾಡಲಿ ಅಂತ ಬೇಡಿಕೊಂಡಳು.

ಥೆರಪಿ ಮಾಡುವ ಪ್ರಣಿತಾ ಹುಮನಾಬಾದದ ಹುಡುಗಿ, ಗುರುವಾರ ಗುರುವಾರ ಬಸ್ಸಿನಲ್ಲಿ ಬರುತ್ತಿದ್ದಳು. ಒಂದು ಟ್ರಸ್ಟಿನ ಕೋಣೆಯಲ್ಲಿ ನಾಲ್ಕು ಜನರ ಗುಂಪು. ಅದರಲ್ಲಿ ಕಲ್ಯಾಣದ ಬಳೆ ಅಂಗಡಿಯ ಹಜಿರಾ ಬೀ, ಮಾತು ಬಂದರೂ ಬೇಕಾದದ್ದು ಬಾರದೆ ಬೇಡವಾದದ್ದು ಬರುತ್ತಿದ್ದ ಮುದುಕಿ, ಮಗ ಶಾಹಿದನ ಕೈಹಿಡಿದು ಬರುತ್ತಿದ್ದಳು. ಡಿಸೆಂಬರು ಶುರುವಾಗಿತ್ತು. ಪ್ರಣಿತಾ ಹಬ್ಬದ ಆಟ ಆಡಿಸುತ್ತೇನೆಂದು ಇಂಟರ್ನೆಟ್ಟಿನಿಂದ ಚಿತ್ರ ತೆಗೆದು ತಂದಿದ್ದಳು. ಒಬ್ಬರು ಚಿತ್ರ ನೋಡಿ, ಹೆಸರು ಹೇಳದೆ, ಅದು ಹೇಗಿದೆಯೆಂದು ವರ್ಣಿಸಬೇಕು. ಮಿಕ್ಕವರು ಕಿವಿಗೊಟ್ಟು ಕೇಳಿ ಯಾವುದೆಂದು ಗುರುತಿಸಬೇಕು.

ಹಜಿರಾ ಬೀಗೆ ಸಿಕ್ಕಿದ್ದು ಮಂಜಿನ ಗೊಂಬೆ. ಮುದುಕಿ ಚಿತ್ರವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. “ಹತ್ತಿ ಗಂಟು... ಟೋಪಿ ಹಾಕ್ಯಾದ... ಮೂಗಿಗೆ ಗಜ್ಜರಿ... ಯಾ ಅಲ್ಲಾ, ಯಾವ ಹಬ್ಬದಾಗ ಇಂಥಾ ಕೆಲಸ ಮಾಡ್ತಾರವ್ವಾ?” ಗೋಡೆಗೆ ನೇತುಬಿಟ್ಟ ಕೆಂಪು ಕಾಲುಚೀಲದ ಚಿತ್ರ ಬಂದವನು, “ಒಣಗಾಕ ಹಾಕ್ಯಾರ” ಅಂದು ಮುಗಿಸಿದ. ಬಕ್ಕಪ್ಪನಿಗೆ ಕೆಂಪು ಟೋಪಿಯ ಗಡ್ಡದ ಮುದುಕ ಬಂದ. ಬಕ್ಕಪ್ಪ ಆತನನ್ನು ಬಹಳ ಹೊತ್ತು ನೋಡಿ, “ಆಗ್ಲಿ” ಅಂದ. ಪ್ರಣಿತಾ ನಗುತ್ತ ನಗುತ್ತ ಕುರ್ಚಿ ಹಿಡಿದುಕೊಂಡಳು. ಮುಂದಿನ ವಾರ ತನ್ನ ಅಜ್ಜಿಯ ಹೊಲದಲ್ಲೇ ತೆಗೆದ ಚಿತ್ರ ತಂದಳು: ದಂಟಿನ ಕೊಂಪೆ, ಸುಣ್ಣ ಬಳಿದ ಐದು ಕಲ್ಲು, ಭಜ್ಜಿಯ ಬೋಗುಣಿ, ಅಂಬಲಿ ಗಡಿಗೆ. ಗುಂಪಿನವರ ಮುಖ ಅರಳಿತು.

ಅವತ್ತಿನ ಆಟದಲ್ಲಿ ಮನೆಯವರಿಗೂ ಪಾಲು. ಗಿರಿಜಾಬಾಯಿ ಬೆನ್ನು ತಿರುಗಿಸಿ ಕೂರಬೇಕು, ಬಕ್ಕಪ್ಪ ವರ್ಣಿಸಬೇಕು. ಬಕ್ಕಪ್ಪ ಚಿತ್ರ ನೋಡಿ “ಆಗ್ಲಿ” ಅಂದ.

“ಅಂಬಲಿ ಗಡಿಗಿ ಅಂತಾರ್ರಿ ಮೇಡಂ” ಅಂದಳು ಗಿರಿಜಾಬಾಯಿ ತಟ್ಟನೆ.

“ಅಯ್ಯ, ಹ್ಯಾಂಗ ಗೊತ್ತಾತ್ರಿ ಕಾಕು?”

“ಅದೊಂದೇ ಉಳದಿತ್ತಲ್ರಿ.”

ಎಲ್ಲ ನಕ್ಕರು. ಪ್ರಣಿತಾ ಮಾತ್ರ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. “ಕಾಕು, ಅವರ ಮಾತು ನೀವು ಆಡಬ್ಯಾಡ್ರಿ. ಕಾಕಾಗ ಎಲ್ಲಾ ತಿಳೀತದ. ಒಂದೊಂದು ಮಾತೂ ತಿಳೀತದ. ಬ್ಯಾಡ ಅನ್ನಬೇಕಂದ್ರೂ ಬಾಯಾಗ ಆಗ್ಲಿ ಅಂತ ಬರ್ತದ, ಪಾಪ. ಅದಕ್ಕ ಮೊದಲ ಅವರಿಗೆ ಇಲ್ಲ ಅನ್ನೂದು ಕಲಸೂಣು.”

“ಎಲ್ಲಾ ತಿಳೀತದೇನ್ರಿ?” ಅಂದಳು ಗಿರಿಜಾಬಾಯಿ. ಬಿ.ಕಾಂ., ಬಚ್ಚಲ ಬಾಗಿಲು, ಎಮ್ಮೆ, ಗಿರಣಿ, ಓಂಪ್ರಕಾಶ. ದೀಪಾವಳಿಯ ಚಳಿಯಲ್ಲಿ ಮನೆಯಲ್ಲಿ ಒಂದು ನೊಣವೂ ಇರಲಿಲ್ಲ ಅನ್ನುವುದು ಆಕೆಗೆ ಆಗ ನೆನಪಾಯಿತು. ಓರೆಗಣ್ಣಿನಿಂದ ಗಂಡನನ್ನು ನೋಡಿದಳು. ಆತ ಆಕೆಯನ್ನೇ ನೋಡುತ್ತಿದ್ದ.

ಎಂಥ ವಿಚಿತ್ರ ನೋಡಿ. ಊರೆಲ್ಲ ಯಾವ ಮಾತಿಗೆ ಶಾಪ ಹಾಕಿತ್ತೋ ಅದನ್ನೇ ಮತ್ತೆ ಕಲಿಸಲು ಒಬ್ಬ ಓದಿದ ಹುಡುಗಿ ಹುಮನಾಬಾದದಿಂದ ಬಸ್ಸು ಹತ್ತಿ ಬರುತ್ತಿದ್ದಳು. ಎಳ್ಳಮಾಸಿಗೆ ಪಟಾಕಿ ಹೊಡೀತಾರೇನು ಕಾಕಾ? ಆಗ್ಲಿ. ಎಳ್ಳಮಾಸಿಗೆ ಬಣ್ಣ ಆಡ್ತಾರೇನು? ಆಗ್ಲಿ. ಗಿರಿಜಾಬಾಯಿ ಒಂದೊಂದು ಆಗ್ಲಿಗೂ ಹಗುರಾಗುತ್ತಿದ್ದಳು. ಹಬ್ಬದ ಹಿಂದಿನ ಗುರುವಾರ ಬಂತು. “ಎಳ್ಳಮಾಸಿ ಊಟ ಮನ್ಯಾಗ ಕುಂತು ಮಾಡ್ತಾರೇನು ಕಾಕಾ?” ಅಂದಳು ಪ್ರಣಿತಾ. ಬಕ್ಕಪ್ಪನ ಮುಖ ಕೆಂಪಾಯಿತು. ತುಟಿ ನಡುಗಿತು. ಎಡಗೈ ಮೇಜಿಗೆ ಬಡಿಯಿತು.

“ಇ... ಇಲ್ಲ!”

ಕೋಣೆಯೆಲ್ಲ ಚಪ್ಪಾಳೆ. ಹಜಿರಾ ಬೀ ಕಣ್ಣೊರೆಸಿಕೊಂಡು “ಮುಬಾರಕ್, ಮುಬಾರಕ್” ಅಂದಳು, ಆ ಮಾತೊಂದು ಮುದುಕಿಗೆ ಎಡವದೆ ಬಂತು. ಗಿರಿಜಾಬಾಯಿ ಎಲ್ಲರ ನಂತರ ಚಪ್ಪಾಳೆ ತಟ್ಟಿದಳು. ತಟ್ಟುತ್ತಲೇ ಎಳ್ಳಮಾಸಿಗೆ ಉಳಿದ ದಿನ ಎಣಿಸಿದಳು. ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಬೇಕು? ಆ ‘ಇಲ್ಲ’ ಅವನದೇ ‘ಇಲ್ಲ’. ಗಂಡ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅವತ್ತೇ ಅನ್ನಿಸಿ ಕಣ್ಣು ತುಂಬಿತು.

ಸಂಭ್ರಮದಲ್ಲಿ ಪ್ರಣಿತಾ ಇನ್ನೊಂದು ಬಾಂಬು ಹಾಕಿದಳು. “ಕಾಕು, ಹಬ್ಬದ ದಿನ ನಾವೆಲ್ಲಾ ನಿಮ್ಮ ಹೊಲಕ್ಕೇ ಬರ್ತೀವಿ. ಚಿತ್ರ ಯಾಕ ಬೇಕು, ಅಲ್ಲೇ ನೋಡಿ, ಉಂಡು, ಹ್ಯಾಂಗದ ಅಂತ ಹೇಳಸೂಣು. ಬರ್ಲೇನ್ರಿ?” ಬೇಡ ಅನ್ನಲು ಗಿರಿಜಾಬಾಯಿಗೆ ಬಂದರಲ್ಲವೇ? “ಬರ್ರಿ” ಅಂದಳು.

ವಾಪಸು ಬಸ್ಸಿನಲ್ಲಿ ಕಂಡಕ್ಟರು “ಮುಡಬಿ ಏನ್ರಿ?” ಅಂದಾಗ ಬಕ್ಕಪ್ಪ “ಇಲ್ಲ” ಅಂದ. ಮನೆಯಲ್ಲಿ ಊಟಕ್ಕೆ ಇಲ್ಲ, ಗುಳಿಗೆಗೆ ಇಲ್ಲ, ನೋಡಲು ಬಂದ ಸಖುಬಾಯಿ “ಆರಾಮೇನ್ರಿ” ಅಂದರೂ ಇಲ್ಲ. ಕಳೆದುಹೋಗಿದ್ದ ಸೊತ್ತು ಸಿಕ್ಕಿದವನ ಗತ್ತು ನೋಡಬೇಕಿತ್ತು. ಗಿರಿಜಾಬಾಯಿಯೂ ಕಡಿಮೆಯವಳಲ್ಲ, ಕೇಳುವ ಹದ ಬದಲಿಸಿದಳು. “ಗುಳಿಗಿ ಬ್ಯಾಡೇನ್ರಿ?” “ಇಲ್ಲ.” “ಹಂಗಾದ್ರ ತಗೋರಿ.” ಎರಡು ದಿನ ಹೀಗೇ ನಡೆಯಿತು. ಧೈರ್ಯ ಬಂದು, ಅಮಾವಾಸ್ಯೆಯ ಹಿಂದಿನ ಸಂಜೆ ಕಾಳು ಸುಲಿಯುತ್ತ, ನೆಲ ನೋಡುತ್ತ ಕೇಳಿದಳು: “ನಾಳಿಗಿ ಓಂಪ್ರಕಾಶ ಬರೂದು ಬ್ಯಾಡೇನ್ರಿ?”

ತಲೆ ಎತ್ತಿದಳು. ಬಕ್ಕಪ್ಪ ಆಗ್ಲಿ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಎಲ್ಲ ಗೊತ್ತು ಬಿಡು ಅನ್ನುವ ಹಾಗೆ ಸೊಟ್ಟ ಬಾಯಿಯ ಒಂದು ತುದಿ ಮೇಲೆತ್ತಿ ನೋಡಿದ, ಗೋಡೆಯ ಕಡೆ ಮಗ್ಗುಲಾದ. ಗಿರಿಜಾಬಾಯಿ ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದಳು. ತಮ್ಮ ಬರುತ್ತಾನೆ, ಹೊಲದಲ್ಲಿ ಮಂದಿ ಇರುತ್ತದೆ. ಈತ ಎಲ್ಲರೆದುರು ಆ ಒಂದು ಮಾತು ಅಂದರೆ ಮುಗಿಯಿತು. ಇನ್ನೊಂದು ಸಲ ಎದ್ದು ಹೋದರೆ ಓಂಪ್ರಕಾಶ ಈ ಜನ್ಮದಲ್ಲಿ ಬರುವವನಲ್ಲ.

ಈ ಗಾಬರಿಯಲ್ಲೇ ಬೆಳಗಿನ ಜಾವ ಎದ್ದು ಅಡುಗೆ ಮಾಡಿದಳು. ಸಜ್ಜಿ ರೊಟ್ಟಿ ಬಡಿದಳು, ಅಂಬಲಿ ಕಲಸಿದಳು, ದೊಡ್ಡ ಬೋಗುಣಿ ತುಂಬ ಭಜ್ಜಿ ಕುದಿಸಿದಳು. ದೇವರಿಗೆ ಎಡೆ ಆಗುವ ತನಕ ಯಾರೂ ರುಚಿ ನೋಡುವಂತಿಲ್ಲ.

ಹೊಲದಲ್ಲಿ ಕಡಲೆ ಮೊಣಕಾಲೆತ್ತರ ನಿಂತಿತ್ತು. ಕೊಂಪೆಯ ನೆರಳಿಗೆ ಬಕ್ಕಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಪ್ರಣಿತಾ, ಹಜಿರಾ ಬೀ, ಶಾಹಿದ್ ಆಟೊದಲ್ಲಿ ಬಂದಿಳಿದರು. ಅವರ ಹಿಂದೆಯೇ ಒಂದು ಮೋಟರ್ ಸೈಕಲ್ಲು ಬದುವಿನ ಮೇಲೆ ನಿಂತಿತು. ಓಂಪ್ರಕಾಶನ ಕೂದಲು ಅರ್ಧ ಬೆಳ್ಳಗಾಗಿತ್ತು. ಸರುಬಾಯಿ ಅಕ್ಕನಿಗೆಂದು ಹಸಿರು ಸೀರೆ, ಕುಬಸದ ಕಣ ತಂದಿದ್ದಳು. ತಮ್ಮ ನೆಟ್ಟಗೆ ಹೋಗಿ ಬಕ್ಕಪ್ಪನ ಕಾಲು ಮುಟ್ಟಿ, “ಬಂದೀನಿ ಮಾವಾ” ಅಂದ. ಬಕ್ಕಪ್ಪ ಕಡಲೆ ಗಿಡ ನೋಡುತ್ತ ಕೂತ. ಹೊಲದ ಯಜಮಾನನಿಗೆ ನಡೆಯಲಾಗದ್ದರಿಂದ ಚರಗ ಚೆಲ್ಲಿದ್ದೂ ಓಂಪ್ರಕಾಶನೇ. ಮುಂದೆ ಆತ ಚರಗದ ಕೂಗು ಹಾಕಿದರೆ ಹಿಂದೆ ಅಮೃತ ಓಗೊಟ್ಟಳು, ಸೋದರಮಾವ ಸೊಸೆಯ ದನಿ ಹೊಲದ ಆ ತುದಿಯ ತನಕ ಹೋಗಿ ಬಂತು. ಬಕ್ಕಪ್ಪನ ಕಣ್ಣು ಆ ದನಿಯ ಹಿಂದೆಯೇ ಹೋಗಿ ಬಂತು. ಗಿರಿಜಾಬಾಯಿ ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಅಂದುಕೊಂಡು ಪಂಕ್ತಿ ಹಾಕಿದಳು.

ಊಟ ಶುರುವಾಯಿತು. ಮೊದಲ ತುತ್ತಿಗೇ ಓಂಪ್ರಕಾಶನ ದವಡೆ ಒಂದು ಕ್ಷಣ ನಿಂತಿತು. ಆಮೇಲೆ ಬೇಗ ಬೇಗ ಅಗಿದು, “ಅಕ್ಕಾ, ಭಜ್ಜಿ ಏನ್ ಛಂದ ಆಗ್ಯಾದವಾ!” ಅಂದ. ಸರುಬಾಯಿ “ಹೌದ್ರಿ, ಭಾಳ ರುಚಿ” ಅಂದಳು. ಶಾಹಿದ್ ತಲೆಯಾಡಿಸಿದ. ಹಜಿರಾ ಬೀ ಏನೋ ಅನ್ನಲು ಹೋದಾಗ ಮಗ ಮೆಲ್ಲಗೆ ಆಕೆಯ ಮೊಣಕೈ ತಿವಿದ. ಗಿರಿಜಾಬಾಯಿಗೆ ಎದೆ ತುಂಬಿ ಬಂತು. ಆಕೆ ಇನ್ನೂ ತಿಂದಿರಲಿಲ್ಲ, ಬಡಿಸುವವರು ಕೊನೆಗೆ ತಾನೇ ತಿನ್ನುವುದು.

ಪ್ರಣಿತಾಗೆ ಕೆಲಸ ನೆನಪಾಯಿತು. ಬಕ್ಕಪ್ಪನ ಎಡಗೈಗೆ ರೊಟ್ಟಿ ಭಜ್ಜಿಯ ತುತ್ತು ಕೊಟ್ಟು, ಆತ ನುಂಗುವ ತನಕ ಕಾದು, ಎದುರು ಕೂತಳು. “ಈಗ ನೀವು ಹೇಳ್ರಿ ಕಾಕಾ. ಎಲ್ಲಾರೂ ಕೇಳ್ತೀವಿ. ಭಜ್ಜಿ ಹ್ಯಾಂಗ ಆಗ್ಯಾದ?”

ಬಕ್ಕಪ್ಪ ನಾಲಿಗೆ ಹೊರಳಿಸಿದ. ಓಂಪ್ರಕಾಶನನ್ನು ನೋಡಿದ. ಮುಖ ಕೆಂಪಾಯಿತು, ಗಂಟಲ ನರ ಉಬ್ಬಿತು. ಗಿರಿಜಾಬಾಯಿಯ ಕೈಯಲ್ಲಿ ಸೌಟು ಹಾಗೇ ನಿಂತಿತು.

“ಉ... ಉಪ್ಪು... ಇಲ್ಲ.”

“ಎರಡು ಶಬ್ದ!” ಪ್ರಣಿತಾ ಕೂಗಿಕೊಂಡು ಎದ್ದಳು. “ಕಾಕಾ, ಎರಡು ಶಬ್ದ ಕೂಡಿಸಿ ಹೇಳಿದ್ರಿ! ತಾವೇ ವಿಚಾರ ಮಾಡಿ ಹೇಳಿದ್ರಿ!” ಜೋರಾಗಿ ಚಪ್ಪಾಳೆ ತಟ್ಟಿದಳು. ಪಾಪ, ಆಕೆಗೇನು ಗೊತ್ತು? ಚಪ್ಪಾಳೆ ಹೊಲದಲ್ಲಿ ಒಂಟಿಯಾಗಿ ಕೇಳಿ ನಿಂತುಹೋಯಿತು. ಸರುಬಾಯಿ ನೆಲ ನೋಡಿದಳು. ಅದೇ ಮಾತು, ಅದೇ ದನಿ, ಅದೇ ಹಬ್ಬ. ಗಿರಿಜಾಬಾಯಿ ಬೋಗುಣಿಯಿಂದ ಒಂದಿಷ್ಟು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟಳು. ಒಂದು ಹರಳು ಉಪ್ಪೂ ಇರಲಿಲ್ಲ.

ಓಂಪ್ರಕಾಶ ತಾಟು ಕೆಳಗಿಟ್ಟ. ಎದ್ದ ಅಂತಲೇ ಗಿರಿಜಾಬಾಯಿ ತಿಳಿದಳು. ಆತ ಏಳಲಿಲ್ಲ.

“ಇಲ್ಲ ಮಾವಾ, ಖರೇ ಇಲ್ಲ” ಅಂದ. ಸರುಬಾಯಿಯ ಕಡೆ ನೋಡಿ, “ಅವತ್ತೂ ಇರಲಿಲ್ಲ. ನನಗೂ ಗೊತ್ತಿತ್ತು. ಹೊಸಾ ಹೆಂಡ್ತಿ, ಎಲ್ಲಾರ ಮುಂದ ಅಂದ್ರಲ್ಲ ಅಂತ ಸಿಟ್ಟು ಬಂತು, ಅಷ್ಟೇ” ಅಂದ.

ಬಕ್ಕಪ್ಪನ ಅರ್ಧ ಮುಖ ಅಲುಗಿತು. ಗೊಗ್ಗರು ದನಿಯ ಒಂದು ಸದ್ದು ಹೊರಟಿತು, ಅದು ನಗೆಯೆಂದು ತಿಳಿಯಲು ಎಲ್ಲರಿಗೂ ಹೊತ್ತು ಹಿಡಿಯಿತು. ಓಂಪ್ರಕಾಶನೂ ನಕ್ಕ. ಕುರ್ಚಿಯ ಹತ್ತಿರ ಸರಿದು ಮಾವನ ಸೋತ ಕೈ ಹಿಡಿದುಕೊಂಡ, ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗುತ್ತಲೇ ತಮ್ಮ ಕೈ ಚಾಚಿದ: “ಅಕ್ಕಾ, ಜರಾ ಉಪ್ಪಿನ ಡಬ್ಬಿ ಕೊಡವಾ ಈ ಕಡೆ.”

ಗಿರಿಜಾಬಾಯಿ ನಗಲಿಲ್ಲ. ಉಪ್ಪಿನ ಡಬ್ಬಿ ಬುತ್ತಿಯ ಗಂಟಿನಲ್ಲಿತ್ತು, ಆಕೆಯ ಕೈಯ ಅಳತೆಯಲ್ಲೇ ಇತ್ತು. ನಕ್ಕು ಒಂದಾದ ಆ ಇಬ್ಬರನ್ನೂ ನೋಡಿದಳು. ತಾಯಿಯ ಮಣ್ಣಿಗೆ ಹೋಗಿ ಮುಂದಿನ ಬಸ್ಸಿಗೆ ತಿರುಗಿ ಬಂದದ್ದು ನೆನಪಾಯಿತು. ಸಂತೆಯಲ್ಲಿ ಗೋರ್ಟಾದ ಹೆಂಗಸರು ಕಂಡರೆ ಮುಖ ಮರೆಸಿಕೊಂಡದ್ದು ನೆನಪಾಯಿತು.

“ಇಲ್ಲ” ಅಂದಳು.

ಓಂಪ್ರಕಾಶನ ಕೈ ಚಾಚಿದ್ದು ಚಾಚಿದಂತೇ ಇತ್ತು. ಅಮೃತ ತಾಯಿಯನ್ನು ಹೊಸಬಳನ್ನು ನೋಡುವಂತೆ ನೋಡಿದಳು.

“ಒಬ್ಬಗ ಉಪ್ಪಿಲ್ಲ ಅಂತ ಗೊತ್ತಿತ್ತು, ಇನ್ನೊಬ್ಬಗೂ ಗೊತ್ತಿತ್ತು” ಅಂದಳು ಗಿರಿಜಾಬಾಯಿ. “ನಡುವ ನನ್ನ ತವರು ಹೋತು. ನಮ್ಮವ್ವ ಹೋದಳು. ಈಗ ಇಬ್ಬರೂ ನಗಾಕತ್ತೀರಿ? ಉಪ್ಪು ಕೊಡಂಗಿಲ್ಲ. ಹಂಗೇ ಉಣ್ರಿ. ಬೋಗುಣಿ ಖಾಲಿ ಆಗೂ ತನಕ ಯಾರೂ ಏಳಂಗಿಲ್ಲ.”

ಸೌಟನ್ನು ಬೋಗುಣಿಯಲ್ಲಿ ನೆಟ್ಟು, ಸರುಬಾಯಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು, ತನಗೂ ಒಂದು ತಾಟು ಹಾಕಿಕೊಂಡು ಕೂತಳು. ಓಂಪ್ರಕಾಶ ತಲೆ ಬಗ್ಗಿಸಿ ರೊಟ್ಟಿ ಮುರಿದ. ಹಜಿರಾ ಬೀ ಎರಡನೆಯ ಸಲ ಬಡಿಸಿಕೊಂಡಳು.

ಏನಾಯಿತೆಂದು ತಿಳಿಯದ ಪ್ರಣಿತಾ ಒಬ್ಬಳೇ ಎದ್ದು ಸೌಟು ಹಿಡಿದಳು. ಬಕ್ಕಪ್ಪನ ತಾಟು ಖಾಲಿಯಾಗಿತ್ತು. “ಕಾಕಾ, ಇನ್ನೊಂದಿಷ್ಟು ಭಜ್ಜಿ ಹಾಕ್ಲೇನ್ರಿ?”

ಬಕ್ಕಪ್ಪ ಹೆಂಡತಿಯ ಕಡೆ ನೋಡಿದ. ಆಕೆ ಉಣ್ಣುವುದು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಈಗ ಆತನಿಗೆ ಎರಡೂ ಮಾತು ಬರುತ್ತಿದ್ದವು.

“ಆಗ್ಲಿ” ಅಂದ.